ಹಸಿರು ನಾಮ

ನನ್ನ ಮೊಬೈಲಿನಲ್ಲಿ ಈಗ ಎಲ್ಲರೂ ಎರಡು ಹೋಳು. ಬೆಂಗಳೂರಿನಿಂದ ಮಗ ವಿಡಿಯೊ ಕರೆ ಮಾಡಿದರೆ ಅವನ ಎಡಗಣ್ಣು ಗೆರೆಯ ಆಚೆ, ಉಳಿದ ಮಗ ಗೆರೆಯ ಈಚೆ. ಅಡಿಕೆ ಧಾರಣೆಯ ಪಟ್ಟಿ ತೆರೆದರೆ ರಾಶಿ, ಬೆಟ್ಟೆ, ಗೊರಬಲುಗಳ ಹೆಸರು ಒಂದು ಸೀಮೆಯಲ್ಲಿ, ಬೆಲೆ ಇನ್ನೊಂದು ಸೀಮೆಯಲ್ಲಿ. ಮೇಲಿನಿಂದ ಕೆಳಗಿನವರೆಗೆ, ಎಳೆಯಷ್ಟು ತೆಳ್ಳಗೆ, ಗದ್ದೆಯ ಸಸಿಮಡಿಗಿಂತ ಹಸಿರಾಗಿ ಒಂದು ಗೆರೆ. ನಾದಿನಿಯ ಮಗಳ ಮದುವೆಯ ಗುಂಪುಚಿತ್ರದಲ್ಲಿ ಅದು ಸರಿಯಾಗಿ ಯಾರ ಮುಖದ ಮೇಲೆ ಬೀಳುತ್ತದೆ ಎಂದು ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ. ಬೀಳಬೇಕಾದವರ ಮೇಲೆಯೇ ಬೀಳುತ್ತದೆ ಎಂದಷ್ಟೇ ಹೇಳಬಲ್ಲೆ.

ಮೊದಲು ಗಮನಿಸಿದವರು ನಮ್ಮ ಅತ್ತೆ. “ಇದೇನೇ, ನಿನ್ನ ಫೋನಿಗೆ ನಾಮ ಹಾಕಿದ್ದಾರೆ?” ಎಂದರು. ಪಾಪ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ಮುಂದೆ ಕಂಪನಿಯವರೊಡನೆ ಮಾತುಕತೆ ಬೆಳೆದ ಹಾಗೆಲ್ಲ ಅತ್ತೆಯ ಬಾಯಿಯಲ್ಲಿ ಮಚ್ಚೆಯಿದೆಯೇ ಎಂದು ನೋಡಬೇಕೆನಿಸಿತು.

ಫೋನು ಬಿದ್ದಿರಲಿಲ್ಲ, ನೆನೆದಿರಲಿಲ್ಲ, ಯಾರೂ ಅದರ ಮೇಲೆ ಕುಳಿತಿರಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ. ನಾವು ನಿದ್ದೆಯಲ್ಲಿದ್ದಾಗ ಅದು ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ಬೆಳಗಾಗುವುದರೊಳಗೆ “ನಿಮ್ಮ ಪರದೆಯ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲಾಗಿದೆ” ಎಂಬ ಒಕ್ಕಣೆಯೊಡನೆ ಈ ಗೆರೆಯನ್ನೂ ಹೊತ್ತು ಎದ್ದಿತ್ತು. ಸುಂದರಗೊಳಿಸಿದ್ದು ಇದನ್ನೇ ಇರಬಹುದೆಂದು ಒಂದು ಹೊತ್ತು ಸುಮ್ಮನಿದ್ದೆ. ಈಚಿನ ಫ್ಯಾಷನ್ನುಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ವಿಷಯ ಬಿಡಿಸಿ ಹೇಳಿದವನು ತೀರ್ಥಹಳ್ಳಿ ಪೇಟೆಯ ರಿಪೇರಿ ಅಂಗಡಿಯ ಹುಡುಗ. “ಅಕ್ಕಾ, ಇದು ಅಮೋಲೆಡ್ ಪರದೆ. ಹಿಂದಿನಿಂದ ದೀಪ ಇರುವುದಿಲ್ಲ, ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ” ಎಂದ. ಕಪ್ಪು ಬೇಕಾದ ಕಡೆ ಚುಕ್ಕೆ ಪೂರ್ತಿ ಆರಿಬಿಡುತ್ತದೆ. ಕೊಳ್ಳುವಾಗ ಮಾರಾಟದವನು “ಕಪ್ಪು ಎಂದರೆ ಅಪ್ಪಟ ಕಪ್ಪು ಮೇಡಂ” ಎಂದು ಹೊಗಳಿದ್ದು ಇದನ್ನೇ. ಈ ಚುಕ್ಕೆಗಳಿಗೆ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂಬ ಅಪ್ಪಣೆ ಒಂದು ತೆಳುವಾದ ಪಟ್ಟಿಯ ಮೂಲಕ ಬರುತ್ತದೆ. ಪಟ್ಟಿ ಪರದೆಗೆ ಅಂಟಿರುವ ಕಡೆ ಎಲ್ಲೋ ಒಂದು ಎಳೆ ಸಡಿಲವಾದರೆ ಆ ಸಾಲಿನ ಚುಕ್ಕೆಗಳಿಗೆ ಆರುವ ಅಪ್ಪಣೆ ತಲುಪುವುದೇ ಇಲ್ಲ. ಅಪ್‌ಡೇಟ್ ಆಗುವಾಗ ಫೋನು ಕಾಯುತ್ತದೆ, ಮೊದಲೇ ಸಡಿಲವಿದ್ದದ್ದು ಆಗ ಕೈಬಿಡುತ್ತದೆ ಎಂಬುದು ಅವನ ಊಹೆ. ಹಸಿರೇ ಏಕೆ ಎಂದರೆ ಅದಕ್ಕೂ ಅವನ ಬಳಿ ಉತ್ತರವಿತ್ತು: ಇಂಥ ಪರದೆಗಳಲ್ಲಿ ಹೆಚ್ಚಿನವುಗಳಲ್ಲಿ ಕೆಂಪು, ನೀಲಿಗಿಂತ ಹಸಿರು ಚುಕ್ಕೆಗಳು ದುಪ್ಪಟ್ಟು ಇರುತ್ತವಂತೆ. ಹೊರಗಿನ ಪರದೆ ಹಾಕಿಕೊಡಬಲ್ಲೆ, ಆದರೆ ಆಮೇಲೆ ಬೆರಳಿಟ್ಟರೆ ಬೀಗ ತೆರೆಯದಿರಬಹುದು ಎಂದೂ ಮೊದಲೇ ಎಚ್ಚರಿಸಿದ. “ಇದು ಕಂಪನಿಯವರದೇ ತಪ್ಪು ಅಕ್ಕಾ, ಅವರ ಹತ್ತಿರವೇ ಹೋಗಿ” ಎಂದು ದುಡ್ಡು ಮುಟ್ಟದೆ ಕಳುಹಿಸಿದ. ಈ ಇಡೀ ಪ್ರಕರಣದಲ್ಲಿ ನನ್ನ ಪ್ರಶ್ನೆಗೆ ಉತ್ತರ ಕೊಟ್ಟವನು ಅವನೊಬ್ಬನೇ.

ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಕನ್ನಡಕ್ಕೊಂದು ಅಂಕಿ ಇತ್ತು. ಒತ್ತಿದೆ. ಕನ್ನಡದಲ್ಲೇ ಸ್ವಾಗತ ಹೇಳಿ, ಕನ್ನಡದಲ್ಲೇ ಕಾಯಲು ಹೇಳಿ, ಬಹಳ ಹೊತ್ತು ಕೊಳಲು ನುಡಿಸಿ, ಕೊನೆಗೆ ಹಿಂದಿಯವರಿಗೆ ಒಪ್ಪಿಸಿದರು. ಆಕೆ ಅತ್ಯಂತ ಸೌಜನ್ಯದ ಹೆಣ್ಣುಮಗಳು. ನನಗಾದ ತೊಂದರೆಗೆ ತಾನೇ ಬಿದ್ದು ಪೆಟ್ಟು ಮಾಡಿಕೊಂಡವಳಂತೆ ಮರುಗಿದಳು. ಮರುಕ ಮುಗಿದ ಮೇಲೆ ಫೋನಿನ ಐಎಂಇಐ ಸಂಖ್ಯೆ ಕೇಳಿದಳು. ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ನಾನು ನಮ್ಮವರ ಫೋನಿನಿಂದ ಮಾತನಾಡುತ್ತಿದ್ದೆ. ನನ್ನ ಫೋನನ್ನು ಹಿಡಿದುಕೊಂಡು ನಮ್ಮವರು ನಿವೃತ್ತ ಮೇಷ್ಟರ ಗಾಂಭೀರ್ಯದಲ್ಲಿ ಒಂದೊಂದೇ ಅಂಕಿ ಓದಿದರು. ಆ ಕಡೆಯಿಂದ “ಮೇಡಂ, ಹದಿನೈದು ಅಂಕಿ ಇರಬೇಕು, ನೀವು ಹದಿನಾರು ಹೇಳಿದ್ದೀರಿ” ಎಂದು ಬಂತು. ಮತ್ತೆ ಓದಿದರು, ಮತ್ತೆ ಹದಿನಾರು. ಸಂಖ್ಯೆಯ ನಡುವೆ ನೆಟ್ಟಗೆ ನಿಂತಿದ್ದ ನಮ್ಮ ಗೆರೆಯನ್ನು ಮೇಷ್ಟರು ಒಂದು ಎಂದು ಓದುತ್ತಿದ್ದರು. “ಒಂದರ ಹಾಗೆ ಇದ್ದರೆ ಒಂದು ಎಂದೇ ಓದಬೇಕು” ಎಂದು ಈಗಲೂ ವಾದಿಸುತ್ತಾರೆ.

ಆಮೇಲೆ ಬಂತು ಸ್ಕ್ರೀನ್‌ಶಾಟ್ ಪ್ರಕರಣ.

ದೋಷ ಕಾಣುವಂತೆ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿ ಎಂದು ಇಮೇಲ್ ಬಂತು. ತೆಗೆದೆ. ತೆರೆದು ನೋಡಿದೆ, ಹಸಿರು ಗೆರೆ ಠೀವಿಯಿಂದ ನಿಂತಿತ್ತು. ಕಳುಹಿಸಿದೆ. ಉತ್ತರ ತಕ್ಷಣವೇ ಬಂತು: “ಪ್ರಿಯ ಗ್ರಾಹಕರೇ, ತಾವು ಕಳುಹಿಸಿದ ಚಿತ್ರದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ನಮ್ಮ ಸೇವೆ ತಮಗೆ ತೃಪ್ತಿ ತಂದಿದೆ ಎಂದು ಭಾವಿಸುತ್ತೇವೆ.” ನನಗೆ ಸಿಟ್ಟು ಬಂತು. ಇನ್ನೊಂದು ತೆಗೆದೆ, ಅದರಲ್ಲೂ ಗೆರೆ ಇತ್ತು. ಕಳುಹಿಸಿದೆ, ಅಲ್ಲಿ ಹೋಗುವಷ್ಟರಲ್ಲಿ ಮಾಯ. ಅಡುಗೆಮನೆಯಲ್ಲಿ ಇಂಥದ್ದು ನಡೆದಿದ್ದರೆ ಬೆಕ್ಕಿನ ಮೇಲೆ ಹಾಕಬಹುದಿತ್ತು.

ಮಗ ಬೆಂಗಳೂರಿನಿಂದ ಹೇಳಿದ: “ಅಮ್ಮಾ, ಸ್ಕ್ರೀನ್‌ಶಾಟ್ ಎಂದರೆ ಪರದೆಯ ಫೋಟೊ ಅಲ್ಲ. ಪರದೆಯ ಮೇಲೆ ಏನು ತೋರಿಸಬೇಕು ಎಂದು ಫೋನು ಅಂದುಕೊಂಡಿದೆಯೋ ಅದರ ನಕಲು. ಫೋನಿನ ಮಟ್ಟಿಗೆ ಗೆರೆಯೇ ಇಲ್ಲ.” ಅಂದರೆ ಗೆರೆ ಇರುವುದು ಗಾಜಿನ ಕೆಳಗಿನ ವಸ್ತುವಿನಲ್ಲಿ, ಫೋನಿನ ಮನಸ್ಸಿನಲ್ಲಿ ಅದು ನಿರ್ಮಲ. ಹಾರ್ಡ್‌ವೇರಿನ ದೋಷ ಸ್ಕ್ರೀನ್‌ಶಾಟಿನಲ್ಲಿ ಬರುವುದು ಸಾಧ್ಯವೇ ಇಲ್ಲ. ಇದು ಮಗನಿಗೆ ಗೊತ್ತು, ರಿಪೇರಿ ಅಂಗಡಿಯ ಹುಡುಗನಿಗೆ ಗೊತ್ತು, ಫೋನು ತಯಾರಿಸಿದವರಿಗೆ ಮಾತ್ರ ಗೊತ್ತಿಲ್ಲ. ಅಥವಾ ಅವರಿಗೆ ಬಹಳ ಚೆನ್ನಾಗಿ ಗೊತ್ತು. ಈ ಎರಡನೆಯ ಸಾಧ್ಯತೆ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಇನ್ನೊಂದು ಫೋನಿನಿಂದ ಇದರ ಫೋಟೊ ತೆಗೆಯಬೇಕು. ನಮ್ಮವರು ತೆಗೆದರು. ಮೊದಲನೆಯದರಲ್ಲಿ ಗಾಜಿನೊಳಗೆ ಅವರ ಬನಿಯನ್ನೇ ಹೆಚ್ಚು ಸ್ಪಷ್ಟವಾಗಿ ಕಂಡಿದ್ದರಿಂದ ಎರಡನೆಯದನ್ನು ದೇವರ ಕೋಣೆಯ ಕತ್ತಲಲ್ಲಿ ತೆಗೆಯಬೇಕಾಯಿತು. ಅದನ್ನು ನನಗೆ ಕಳುಹಿಸಿದರು. ತೆರೆದು ನೋಡಿದರೆ ನನ್ನ ಎದೆ ಧಸಕ್ಕೆಂದಿತು: ಈಗ ಎರಡು ಗೆರೆ! ಒಂದು ಫೋಟೊದಲ್ಲಿ ಇದ್ದದ್ದು, ಇನ್ನೊಂದು ಫೋಟೊವನ್ನು ತೋರಿಸುತ್ತಿದ್ದದ್ದು. ಇದನ್ನು ಅತ್ತೆಗೆ ವಿವರಿಸುವ ಪ್ರಯತ್ನವನ್ನು ಅರ್ಧಕ್ಕೆ ಬಿಟ್ಟೆ. ಕಂಪನಿಯವರು ಎರಡನೆಯ ಫೋಟೊ ನೋಡಿ, ಕಡೆಗೂ ಗೆರೆ ಇದೆಯೆಂದು ಒಪ್ಪಿ, ಹತ್ತಿರದ ಸರ್ವಿಸ್ ಸೆಂಟರಿಗೆ ಭೇಟಿ ಕೊಡಿ ಎಂದರು.

ಹತ್ತಿರದ್ದು ಎಂದರೆ ಶಿವಮೊಗ್ಗ. ತುಂಗೆಯ ಪಕ್ಕ ಪಕ್ಕದಲ್ಲೇ ಮಂಡಗದ್ದೆ, ಗಾಜನೂರು ದಾಟಿ ಹೋಗುವ ಆ ದಾರಿ ಚಂದವೇ, ಆದರೆ ಜುಲೈ ತಿಂಗಳಲ್ಲಿ ಕಿಟಕಿಯ ಗಾಜು ಮುಚ್ಚಿದ ಬಸ್ಸಿನಲ್ಲಿ ಚಂದ ಕಾಣುವುದಿಲ್ಲ. ಫೋನನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ, ಅದನ್ನು ಬಟ್ಟೆಯಲ್ಲಿ, ಅದನ್ನು ಊಟದ ಡಬ್ಬಿಯಲ್ಲಿಟ್ಟು ಒಯ್ದೆ.

ಸರ್ವಿಸ್ ಸೆಂಟರಿನ ಯುವಕ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಪರದೆಯ ಕಡೆ ಒಮ್ಮೆ ನೋಡಿ, ಮತ್ತೆ ಅತ್ತ ತಿರುಗಲೇ ಇಲ್ಲ. ಸೂಜಿ ಚುಚ್ಚಿ ಸಿಮ್ಮಿನ ತಟ್ಟೆ ಹೊರಗೆಳೆದು, ಆ ಕಿಂಡಿಗೆ ಟಾರ್ಚ್ ಬಿಟ್ಟು ಒಂದು ಕಣ್ಣು ಮುಚ್ಚಿ ಇಣುಕಿದ. ಒಳಗೆ ಒಂದು ಬಿಳಿ ಚೂರು ಅಂಟಿಸಿರುತ್ತಾರೆ, ನೀರು ತಗುಲಿದರೆ ಕೆಂಪಾಗುತ್ತದೆ. “ನಿಮ್ಮೂರು ಯಾವುದು ಮೇಡಂ?” ಎಂದ. ತೀರ್ಥಹಳ್ಳಿ ಎಂದೆ. ಅವನ ಮುಖದಲ್ಲಿ ಆಸೆ ಮೂಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲೇ. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ನಮ್ಮ ಮನೆಯ ಉಪ್ಪಿನ ಭರಣಿಗೆ ಆ ಚೂರು ಅಂಟಿಸಿದರೂ ಕೆಂಪಾದೀತು. ಆದರೆ ಫೋನಿನೊಳಗಿನದು ಹಾಲಿನಷ್ಟು ಬೆಳ್ಳಗಿತ್ತು. ಯುವಕ ನಿರಾಶನಾಗಿ ಟಾರ್ಚ್ ಆರಿಸಿದ.

ಅಲ್ಲೇ ಗೋಡೆಯ ಮೇಲೆ ಅದೇ ಫೋನಿನ ಜಾಹೀರಾತು ಇತ್ತು: ಹುಡುಗಿಯೊಬ್ಬಳು ಈಜುಕೊಳದೊಳಗೆ ಮುಳುಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಳೆ. ಕೆಳಗೆ ಐಪಿ68 ಎಂದು ಬರೆದಿತ್ತು. ಆರು ಎನ್ನುವುದು ದೂಳಿಗೆ, ಎಂಟು ನೀರಿಗೆ. ಒಂದೂವರೆ ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಇದ್ದರೂ ಏನೂ ಆಗದು ಎಂದು ವಿವರಣೆ. ಇನ್ನೂ ಕೆಳಗೆ, ಇರುವೆಗಳಿಗೆಂದು ಮುದ್ರಿಸಿದ ಅಕ್ಷರಗಳಲ್ಲಿ, ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ. ಮುಳುಗಬಹುದು, ಒದ್ದೆಯಾಗಬಾರದು.

ಯುವಕ ಫೋನನ್ನು ತಿರುಗಿಸಿ ತಿರುಗಿಸಿ, ಕಡೆಗೆ ಅಂಚಿನಲ್ಲಿ ಒಂದು ಗೀರು ಪತ್ತೆ ಮಾಡಿದ. ಕನ್ನಡಕ ಹಾಕಿ ನೋಡಿದರೂ ನನಗೆ ಕಾಣಲಿಲ್ಲ. “ಇದು ಬಾಹ್ಯ ಹಾನಿ” ಎಂದು ಕಂಪ್ಯೂಟರಿನಲ್ಲಿ ಬರೆದುಕೊಂಡ. ಮೊಣಕೈ ತರಚಿದೆ ಎಂಬ ಕಾರಣಕ್ಕೆ ಹಲ್ಲುನೋವಿಗೆ ಔಷಧ ಕೊಡದ ವೈದ್ಯರನ್ನು ನಾನು ಈವರೆಗೆ ಕಂಡಿರಲಿಲ್ಲ. ಸಾಲದ್ದಕ್ಕೆ, ವಾರಂಟಿಯ ಒಂದು ವರ್ಷ ಈಗಷ್ಟೇ ಮುಗಿದಿತ್ತು. ಅದನ್ನು ಮೊದಲೇ ಹೇಳಿದ್ದರೆ ಟಾರ್ಚಿನ ಬ್ಯಾಟರಿ ಉಳಿಯುತ್ತಿತ್ತು. ಹೊಸ ಪರದೆಗೆ ಅವರು ಹೇಳಿದ ಬೆಲೆ ಇಡೀ ಫೋನಿನ ಬೆಲೆಯ ಅರ್ಧಕ್ಕಿಂತ ಹೆಚ್ಚು. ಅಪ್‌ಡೇಟ್ ಕಳುಹಿಸಿದವರು ನೀವೇ ಅಲ್ಲವೇ ಎಂದು ಕೇಳಿದೆ. “ಅಪ್‌ಡೇಟ್ ಸಾಫ್ಟ್‌ವೇರ್ ಮೇಡಂ, ಪರದೆ ಹಾರ್ಡ್‌ವೇರ್. ಎರಡಕ್ಕೂ ಸಂಬಂಧವಿಲ್ಲ” ಎಂದ, ಆಸ್ತಿ ಭಾಗವಾದ ಮನೆಯವರ ಹಾಗೆ. 2024ರಲ್ಲಿ ಒಂದೆರಡು ದೊಡ್ಡ ಕಂಪನಿಗಳು ಇದೇ ಗೆರೆಗೆ, ವಾರಂಟಿ ಮುಗಿದಿದ್ದ ಕೆಲವು ಮಾದರಿಗಳಿಗೂ ನಮ್ಮ ದೇಶದಲ್ಲಿ ಉಚಿತವಾಗಿ ಪರದೆ ಬದಲಿಸಿಕೊಟ್ಟವಲ್ಲ ಎಂದು ನೆನಪಿಸಿದೆ. “ಹಾಗಾದರೆ ಮುಂದಿನ ಸಲ ಅವರದನ್ನೇ ತೆಗೆದುಕೊಳ್ಳಿ ಮೇಡಂ” ಎಂದ. ಇಷ್ಟು ಪ್ರಾಮಾಣಿಕ ಸಲಹೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಹಳೆಯ ಸುದ್ದಿಗಳೆಲ್ಲ ನೆನಪಾದವು. 2010ರಲ್ಲಿ ಆ್ಯಪಲ್ ಕಂಪನಿಯ ಐಫೋನ್ 4 ಬಂದಾಗ, ಕೆಳಗಿನ ಎಡಮೂಲೆಯನ್ನು ಕೈಯಿಂದ ಮುಚ್ಚಿದರೆ ಸಿಗ್ನಲ್ ಕುಸಿಯುತ್ತಿತ್ತು. ದೂರಿದವರಿಗೆ ಸ್ಟೀವ್ ಜಾಬ್ಸ್ ಕೊಟ್ಟ ಸಲಹೆ, ಹಾಗೆ ಹಿಡಿಯಬೇಡಿ ಎಂಬುದು. ಗಲಾಟೆ ಜೋರಾದ ಮೇಲೆ ಫೋನಿನ ಸುತ್ತ ಹಾಕಿಕೊಳ್ಳಲು ರಬ್ಬರಿನ ಕವಚವನ್ನು ಪುಕ್ಕಟೆ ಹಂಚಿದರು. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗಳು ಹೊತ್ತಿಕೊಳ್ಳತೊಡಗಿದಾಗ ಮಾರಿದ ಫೋನುಗಳನ್ನೆಲ್ಲ ವಾಪಸು ಕರೆಸಿಕೊಂಡರು; ಆ ಫೋನನ್ನು ಬಳಸಬಾರದೆಂದು ವಿಮಾನಗಳಲ್ಲಿ ಹೆಸರು ಹಿಡಿದು ಸಾರುತ್ತಿದ್ದರು. ನನ್ನ ಫೋನಿನ ದುರದೃಷ್ಟವೆಂದರೆ ಅದು ಹೊತ್ತಿ ಉರಿಯಲಿಲ್ಲ. ಮರ್ಯಾದಸ್ಥರ ಮನೆಯ ಫೋನಿನಂತೆ ಹಸಿರಾಗಿ ನಿಂತುಬಿಟ್ಟಿತು. ಸಭ್ಯವಾಗಿ ಕೆಟ್ಟವರನ್ನು ಯಾರೂ ಕೇಳುವುದಿಲ್ಲ.

ಮನೆಗೆ ಬಂದರೆ “ಏನಂದರು?” ಎಂದು ಅತ್ತೆ ಕೇಳಿದರು. ಹೇಳಿದೆ. “ಬಂಗಾರದಂಥ ಹುಡುಗ, ಟೀ ಕೊಟ್ಟನೇ?” ಎಂದರು. ಕೊಟ್ಟಿರಲಿಲ್ಲ. ಅತ್ತೆಗೆ ಕಂಪನಿಯ ಮೇಲೆ ಮನಸ್ಸು ಮುರಿದದ್ದು ಆಗ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಯೋಚನೆ ನಮ್ಮವರದು. ಅಲ್ಲಿ ದೂರು ದಾಖಲಾದ ಮೇಲೆ ಕಂಪನಿಯವರೇ ಕರೆ ಮಾಡಿದರು. ದನಿಯಲ್ಲಿ ಮೊದಲಿಗಿಂತ ಹೆಚ್ಚು ಮರುಕವಿತ್ತು. ವಿಶೇಷ ಪ್ರಕರಣವೆಂದು ಪರಿಗಣಿಸಿ ನನಗೊಂದು ಕೊಡುಗೆ ಮಂಜೂರಾಗಿತ್ತು: ಅವರದೇ ಇನ್ನೊಂದು ಹೊಸ ಫೋನು ಕೊಂಡರೆ ರಿಯಾಯಿತಿ. ಬೇಡವೆಂದೆ. ನನ್ನ ದೂರು “ಗ್ರಾಹಕರು ಪರಿಹಾರವನ್ನು ನಿರಾಕರಿಸಿದ್ದಾರೆ” ಎಂಬ ಷರಾದೊಡನೆ ಮುಕ್ತಾಯಗೊಂಡಿತು.

ನಮ್ಮ ಮೇಷ್ಟರಿಗೆ ರೋಷ ಬಂದದ್ದು ಆ ಷರಾಕ್ಕೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಮತ್ತು ಅದರ ನಿಯಮಗಳ ಪ್ರತಿಯನ್ನು ತರಿಸಿಕೊಂಡು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆಯುತ್ತ ಓದಿದರು. ದೂರನ್ನು ಕಂಪನಿ ಇರುವ ಊರಿನಲ್ಲಿ ಕೊಡಬೇಕಾಗಿಲ್ಲ, ದೂರುದಾರರು ವಾಸವಿರುವ ಕಡೆಯೇ ಕೊಡಬಹುದು. ಎರಡು ವರ್ಷದೊಳಗೆ ಕೊಟ್ಟರಾಯಿತು. ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. “ಶುಲ್ಕವಿಲ್ಲ” ಎಂಬಲ್ಲಿ ಎರಡು ಅಡಿಗೆರೆ ಇತ್ತು. ಹೀಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನನ್ನ ಹೆಸರಿನಲ್ಲಿ, ಅವರ ವ್ಯಾಕರಣದಲ್ಲಿ ಒಂದು ದೂರು ಹೋಯಿತು. ಮೂವತ್ತೈದು ವರ್ಷ ಪತ್ರಲೇಖನ ಕಲಿಸಿದವರು ಬರೆದದ್ದಾದ್ದರಿಂದ ಅದರಲ್ಲಿ ಪೀಠಿಕೆಯೂ ಇತ್ತು.

ಈ ನಡುವೆ ಗೆರೆಗೆ ಜೊತೆಯಾಗಿ ಬಲಬದಿಯಲ್ಲಿ ಗುಲಾಬಿ ಬಣ್ಣದ ಇನ್ನೊಂದು ಹುಟ್ಟಿದೆ. ಮೂರನೆಯದು ಬಂದರೆ ಪೂರ್ತಿಯಾಯಿತು ಎಂದು ಅತ್ತೆ ಕಾಯುತ್ತಿದ್ದಾರೆ.

ಮೊನ್ನೆ ಕಂಪನಿಯ ಲಿಖಿತ ಉತ್ತರ ಬಂದಿತು. ದಪ್ಪನೆಯ ಲಕೋಟೆ. ದೂರುದಾರರ ಫೋನಿನಲ್ಲಿ ಯಾವ ಉತ್ಪಾದನಾ ದೋಷವೂ ಇಲ್ಲ, ಇದಕ್ಕೆ ದೂರುದಾರರೇ ಸ್ವಹಸ್ತದಿಂದ ಕಳುಹಿಸಿದ ಪುರಾವೆ ಲಗತ್ತಿಸಿದೆ ಎಂದಿತ್ತು. ತೆರೆದು ನೋಡಿದರೆ, ಒಳ್ಳೆಯ ಹೊಳಪಿನ ಕಾಗದದಲ್ಲಿ ಬಣ್ಣದಲ್ಲಿ ಮುದ್ರಿಸಿದ ನನ್ನ ಮೊದಲ ಸ್ಕ್ರೀನ್‌ಶಾಟ್. ಒಂದು ಗೆರೆಯೂ ಇಲ್ಲದೆ, ಕನ್ನಡಿಯ ಹಾಗೆ ನಿರ್ಮಲವಾಗಿತ್ತು. ಗುಂಪುಚಿತ್ರದಲ್ಲಿ ನಾದಿನಿ ಎಷ್ಟು ಚೆನ್ನಾಗಿ ನಕ್ಕಿದ್ದಾಳೆ ಎಂದು ಆಗಲೇ ನನಗೆ ತಿಳಿದದ್ದು.

ಮುಂದಿನ ವಿಚಾರಣೆಗೆ ಫೋನನ್ನು ಖುದ್ದಾಗಿ ಹಾಜರುಪಡಿಸಬೇಕಂತೆ. ಅತ್ತೆಯೂ ಸಾಕ್ಷಿ ಹೇಳಲು ಬರುತ್ತಾರಂತೆ. ಮೊದಲು ನೋಡಿದವರು ತಾವೇ ಅಲ್ಲವೇ ಎಂಬುದು ಅವರ ವಾದ. ಯಾವ ಸೀರೆ ಉಡುವುದು ಎಂಬುದೂ ತೀರ್ಮಾನವಾಗಿದೆ. ಹಸಿರು ಬೇಡ ಎಂದು ಮೇಷ್ಟರು ಹೇಳಿದ್ದಾರೆ, ಎದುರು ಪಕ್ಷದವರು ಏನಾದರೂ ಅಂದುಬಿಡಬಹುದು.