ಐದು ಹಂತ ದಾಟಿದರೆ ದುಃಖ ಮುಗಿಯುತ್ತದೆಯೇ?

ದುಃಖ ಮತ್ತು ಥೆರಪಿ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ 'ದುಃಖಕ್ಕೆ ಐದು ಹಂತ, ಥೆರಪಿಯಲ್ಲಿ ಒಂದೊಂದಾಗಿ ದಾಟಿಸುತ್ತಾರೆ' ಎಂದು ಬರೆದಿರುವುದಕ್ಕೆ ನನ್ನ ತಕರಾರಿದೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ) ಹೇಳಿದ್ದು ಸಾವಿಗೆ ಹತ್ತಿರವಾಗಿದ್ದ ರೋಗಿಗಳ ಬಗ್ಗೆ. ಆಪ್ತರನ್ನು ಕಳೆದುಕೊಂಡು ಉಳಿದವರಿಗೂ ಅದನ್ನು ಅನ್ವಯಿಸಿದ್ದು ಆಮೇಲೆ. ತಮ್ಮ ತೀರಿಕೊಂಡಾಗ ನನಗಂತೂ ಕೋಪ, ಸ್ವೀಕಾರ ಎರಡೂ ಒಂದೇ ಮಧ್ಯಾಹ್ನ ಬಂದು ಹೋಗುತ್ತಿದ್ದವು.

ದುಃಖದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ಹೆಚ್ಚು ಸರಿ ಅನ್ನಿಸಿತು: ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಬದುಕು ಮತ್ತೆ ಕಟ್ಟಿಕೊಳ್ಳುವ ಕಡೆ ವಾಲುತ್ತಿರುತ್ತದೆ, ಎರಡೂ ಬೇಕು. ನಮ್ಮ ಆಪ್ತಸಮಾಲೋಚಕರು 'ಸಮಾಧಾನ ಮಾಡಿಕೊಳ್ಳಿ' ಅಂತ ಒಮ್ಮೆಯೂ ಹೇಳಲಿಲ್ಲ (ಅದಕ್ಕೆ ನೆಂಟರಿದ್ದರಲ್ಲ!). ತಮ್ಮನ ಬ್ಯಾಂಕ್ ಖಾತೆ ಮುಚ್ಚುವ ಅರ್ಜಿಯಲ್ಲಿ 'ಮೃತರೊಂದಿಗೆ ಸಂಬಂಧ' ಅನ್ನುವ ಜಾಗ ತುಂಬಲು ಕೈ ಬರುತ್ತಿರಲಿಲ್ಲ. 'ಇಲ್ಲಿಗೇ ತನ್ನಿ, ಇಲ್ಲೇ ಕೂತು ಬರೆಯಿರಿ' ಅಂದರು ಸಮಾಲೋಚಕರು. ಎರಡು ಪದ ಬರೆಯುವಷ್ಟರಲ್ಲಿ ಅವತ್ತಿನ ಸಮಯವೆಲ್ಲ ಮುಗಿದಿತ್ತು, ಅವರು ನಡುವೆ ಬಾಯಿ ಹಾಕಲಿಲ್ಲ.

ಇನ್ನೊಂದು. ದುಃಖಪಡುವವರಿಗೆಲ್ಲ ಥೆರಪಿ ಬೇಕಿಲ್ಲ, ಬಹಳ ಮಂದಿ ಮನೆಯವರ, ಗೆಳೆಯರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಆರು ತಿಂಗಳು ದಾಟಿದರೂ ಹೋದವರ ಹಂಬಲ ತಗ್ಗದೆ, ದಿನನಿತ್ಯದ ಕೆಲಸವೇ ಸಾಗದಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಪ್ರತ್ಯೇಕ ತೊಂದರೆಯಾಗಿಯೇ ಗುರುತಿಸುತ್ತದೆ, ಅದಕ್ಕೆಂದೇ ಚಿಕಿತ್ಸೆಯೂ ಇದೆ. ಸಾಯಬೇಕು ಅನ್ನಿಸಿದರೆ ಮಾತ್ರ ತಿಂಗಳು ಎಣಿಸುತ್ತಾ ಕೂರಬೇಡಿ, ಅವತ್ತೇ ಯಾರಿಗಾದರೂ ಹೇಳಿ.