ಓದದೆಯೇ ಲೆಕ್ಕ ಹೇಳುವ ಪ್ರಕಾಶಕರು

ಮೊದಲ ಕಾದಂಬರಿಯ ಹಸ್ತಪ್ರತಿ ಹಿಡಿದು ಬೆಂಗಳೂರಿನ ಪ್ರಕಾಶಕರ ಬಾಗಿಲು ತಟ್ಟುವ ಲೇಖಕರು ಅನುಭವಿಸುವ ಅವಮಾನವನ್ನು ಇನ್ನೂ ನುಂಗಿಕೊಂಡು ಕೂರುವುದು ನನ್ನಿಂದಾಗದು. ನಾನು ಬರೆದಿರುವುದು ಫ್ಯಾಂಟಸಿ. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ದೈವಗಳು, ದಿಕ್ಕಾಪಾಲಾದ ತಮ್ಮ ಒಕ್ಕಲನ್ನು ಹುಡುಕಿಕೊಂಡು ನೀರಿನಿಂದ ಎದ್ದು ಬರುವ ಕಥೆ. ಇಷ್ಟು ಹೇಳುವಷ್ಟರಲ್ಲಿಯೇ ‘ಮಕ್ಕಳ ಪುಸ್ತಕವೇ?’ ಎಂಬ ಪ್ರಶ್ನೆ ಎದುರಾಗುತ್ತದೆ. ಬೆಳಗಿನ ಜಾವದವರೆಗೆ ಯಕ್ಷಗಾನ ನೋಡುವ, ಭೂತದ ನುಡಿಗೆ ತಲೆಬಾಗುವ ನಾಡಿನಲ್ಲಿ ದೊಡ್ಡವರಿಗೆ ಅದ್ಭುತ ಬೇಡವೆಂದು ತೀರ್ಮಾನಿಸಿದವರು ಯಾರು?

ತಿರಸ್ಕಾರಕ್ಕೆ ನನ್ನ ತಕರಾರಿಲ್ಲ, ಓದದೆ ತಿರಸ್ಕರಿಸುವುದಕ್ಕಿದೆ. ಒಬ್ಬ ಪ್ರಕಾಶಕರಲ್ಲಿ ವಿಚಾರಿಸಲು ಹೋದಾಗ, ತಿಂಗಳುಗಳ ಹಿಂದೆ ನಾನು ಕೊಟ್ಟಿದ್ದ ಲಕೋಟೆ ಅಂಟು ಕೂಡ ಬಿಡಿಸದೆ, ಹಳೆಯ ಕರಡು ಹಾಳೆಗಳ ಕೆಳಗೆ ಬಿದ್ದಿತ್ತು. ಅವರು ಅದನ್ನು ಎಳೆದು ಕೈಯಲ್ಲೇ ತೂಗಿ ನೋಡಿ, ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ ಡೆಮಿ ಅಳತೆಯಲ್ಲಿ ಎಷ್ಟು ಪುಟವಾದೀತೆಂದು ಕೇಳಿ, ಕ್ಯಾಲ್ಕುಲೇಟರ್ ಒತ್ತಿದರು. ಅರ್ಧಕ್ಕರ್ಧ ಕಡಿತಗೊಳಿಸಬೇಕು, 300 ಪ್ರತಿಗಳನ್ನು ನಾನೇ ಕೊಂಡುಕೊಳ್ಳಬೇಕು, ಹೆಸರಾಂತ ಹಿರಿಯರೊಬ್ಬರಿಂದ ಮುನ್ನುಡಿ ತರಬೇಕು. ಕರಡು ತಿದ್ದುವವರು ಯಾರೆಂದು ಕೇಳಿದರೆ, ‘ಅದನ್ನು ನೀವೇ ನೋಡಿಕೊಳ್ಳಿ’ ಎಂದರು. ಹಣ ನನ್ನದು, ತಿದ್ದುಪಡಿ ನನ್ನದು, ಮಾರಾಟವೂ ನನ್ನದಾದರೆ ಪುಸ್ತಕದ ಮೇಲೆ ಅವರ ಲಾಂಛನ ಏಕಿರಬೇಕು?

ಕಾಗದದ ಬೆಲೆ ಏರಿರುವುದೂ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಪ್ರಕಾಶಕರು ಕೈಸುಟ್ಟುಕೊಂಡಿರುವುದೂ ನನಗೆ ಗೊತ್ತು. ಆದರೆ ಬೇಡಿಕೆಗೆ ತಕ್ಕಷ್ಟೇ ಪ್ರತಿಗಳನ್ನು ಮುದ್ರಿಸುವ ಸೌಲಭ್ಯ ಇದೇ ನಗರದಲ್ಲಿರುವಾಗ, ನಷ್ಟದ ಭಯವನ್ನೆಲ್ಲ ಹೊಸ ಲೇಖಕರ ತಲೆಗೆ ಕಟ್ಟುವುದು ಅನ್ಯಾಯ. ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ನಿಜ; ಅದು ಯುವ ಬರಹಗಾರರಿಗೆ. 35 ದಾಟಿದ ಮೇಲೆ, ಸಂಸಾರದ ನಡುವೆ ಬಿಡುವು ಮಾಡಿಕೊಂಡು ಮೊದಲ ಪುಸ್ತಕ ಬರೆದವರು ಎಲ್ಲಿಗೆ ಹೋಗಬೇಕು?

ಹಸ್ತಪ್ರತಿ ತೆಗೆದುಕೊಂಡವರು ಮೊದಲ ಅಧ್ಯಾಯವನ್ನಾದರೂ ಓದಲಿ, ಹಿಡಿಸದಿದ್ದರೆ ಎರಡು ಸಾಲಿನಲ್ಲಿ ಬೇಡವೆಂದು ಬರೆದು ತಿಳಿಸಲಿ. ಲೇಖಕರ ದುಡ್ಡಿನಲ್ಲಿಯೇ ಪುಸ್ತಕ ತರುವವರಾದರೆ ಆ ಮಾತನ್ನು ಮೊದಲ ದಿನವೇ ಹೇಳಲಿ. ತಿಂಗಳುಗಟ್ಟಲೆ ಕಾಯಿಸಿದ ಮೇಲೆ ಅಲ್ಲ.