ಸ್ಪಷ್ಟನೆ: ಸಬ್‌ರೂಟೀನ್ ಕರೆಯದಿದ್ದರೆ ಔಟ್‌ಪುಟ್ ತಾನಾಗಿ ಆಫ್ ಆಗುವುದಿಲ್ಲ

ಕಾರವಾರದ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಹುಡುಗರ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ‘ಸಬ್‌ರೂಟೀನ್ ಕರೆಯುವುದು ನಿಲ್ಲಿಸಿದರೆ ಒಳಗಿನ ಔಟ್‌ಪುಟ್ ಎಲ್ಲ ಆಫ್ ಆಗುತ್ತವೆ.’ ಸಬ್‌ರೂಟೀನ್ ಅಂದರೆ ಮುಖ್ಯ ಪ್ರೋಗ್ರಾಂ ಕರೆದಾಗ ಮಾತ್ರ ನಡೆಯುವ ಪ್ರೋಗ್ರಾಂ ತುಂಡು. ಆ ಮಾತು ತಪ್ಪು. ಅಲೆನ್ ಬ್ರಾಡ್ಲಿ ಲಾಜಿಕ್ಸ್ ಕಂಟ್ರೋಲರ್‌ಗಳಲ್ಲಿ ಜೆಎಸ್ಆರ್ (ಸಬ್‌ರೂಟೀನ್ ಕರೆಯುವ ಆದೇಶ) ನಡೆಯದಿದ್ದರೆ ಒಳಗಿನ ರಂಗ್‌ಗಳು (ಲಾಜಿಕ್‌ನ ಸಾಲುಗಳು) ಸ್ಕ್ಯಾನ್ ಆಗುವುದೇ ಇಲ್ಲ, ಅಂದರೆ ಕಂಟ್ರೋಲರ್ ಅವನ್ನು ಓದುವುದೇ ಇಲ್ಲ. ಕೊನೆಯ ಸಲ ಆನ್ ಇದ್ದ ಕಾಯಿಲ್ (ಔಟ್‌ಪುಟ್ ಆನ್-ಆಫ್ ಮಾಡುವ ಆದೇಶ) ಆನ್ ಆಗಿಯೇ ಉಳಿಯುತ್ತದೆ.

ಬೈತಖೋಲ್ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್ ಇದೆ ಅಂದುಕೊಳ್ಳಿ. ನೀರಿನ ಪಂಪ್‌ನ ಲಾಜಿಕ್ ಸಬ್‌ರೂಟೀನ್‌ನಲ್ಲಿದೆ. ಪಂಪ್ ಓಡುವಾಗಲೇ ಕರೆ ನಿಂತರೆ ಅದು ಓಡುತ್ತಲೇ ಇರುತ್ತದೆ, ತೊಟ್ಟಿ ತುಂಬಿ ಹರಿದರೂ!

ಈ ಗೊಂದಲ ಎಂಸಿಆರ್‌ನಿಂದ (ಮಾಸ್ಟರ್ ಕಂಟ್ರೋಲ್ ರೀಸೆಟ್, ಪ್ರೋಗ್ರಾಂನ ಒಂದು ವಲಯವನ್ನು ಒಟ್ಟಿಗೆ ಆಫ್ ಮಾಡುವ ಆದೇಶ) ಬಂದಿರಬೇಕು. ಅದರ ವಲಯ ಆಫ್ ಆದಾಗ ಸಾಮಾನ್ಯ ಕಾಯಿಲ್‌ಗಳು ಆಫ್ ಆಗುವುದು ನಿಜ, ಲ್ಯಾಚ್ ಮಾಡಿದ್ದು (ಬಿಡಿಸುವವರೆಗೆ ಆನ್ ಆಗಿಯೇ ಹಿಡಿದಿಟ್ಟದ್ದು) ಮಾತ್ರ ಉಳಿಯುತ್ತದೆ. ಎರಡೂ ಒಂದೇ ಅಲ್ಲ, ಅಲ್ವಾ? ಸಬ್‌ರೂಟೀನನ್ನು ಪ್ರತಿ ಸ್ಕ್ಯಾನ್‌ನಲ್ಲೂ ಕರೆಯಿರಿ, ಔಟ್‌ಪುಟ್ ಆನ್-ಆಫ್ ಆಗುವ ಷರತ್ತನ್ನು ಅದರ ಒಳಗೇ ಹಾಕಿ.